ಗಾಡಿ ಕಟ್ಟಿಕೊಂಡು ಬಂದವರ ಚಿತ್ರಮಂದಿರ

ಅಳಿಯ: ಮಾವ, ಈ ಸಲ ನಾನು ಊರಿಗೆ ಬಂದುದು ಅಡಕೆಯ ಕೊನೆಕೊಯ್ಲಿನ ನೆಪದಿಂದಲಾದರೂ ಮನಸ್ಸಿನಲ್ಲಿ ಬೇರೊಂದು ಸಂಕಲ್ಪವಿದೆ. ಜನರು ತಮ್ಮ ತಮ್ಮ ಕಾರುಗಳಲ್ಲಿ ಕುಳಿತಂತೆಯೇ ಬಯಲಿನಲ್ಲಿ ನಿಲ್ಲಿಸಿದ ಮಹಾಪರದೆಯ ಮೇಲೆ ಚಲಚ್ಚಿತ್ರವನ್ನು ನೋಡುವ ಡ್ರೈವ್-ಇನ್ ಚಿತ್ರಮಂದಿರವೊಂದನ್ನು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವೆ ಎಲ್ಲಿಯಾದರೂ ಕಟ್ಟಬಹುದೆ ಎಂದು ಯೋಚಿಸುತ್ತಿದ್ದೇನೆ. ಹರೆಯದಲ್ಲಿ ಟೂರಿಂಗ್ ಟಾಕೀಸಿನ ಆಪರೇಟರಿಗೆ ಸಹಾಯಕರಾಗಿ ಈ ಸೀಮೆಯನ್ನೆಲ್ಲ ಸುತ್ತಿದವರು ನೀವು. ನಿಮ್ಮನ್ನು ಕೇಳದೆ ಮುಂದುವರಿಯುವುದು ಉಚಿತವಲ್ಲವೆಂದು ತೋರಿತು.

ಮಾವ: ಕೇಳಿದ್ದು ಒಳ್ಳೆಯದೇ ಆಯಿತು, ಮಾರಾಯ. ಡೇರೆಯ ವಿಚಾರವನ್ನಾದರೆ ನಾನು ಕೈಯಾರೆ ಬಲ್ಲೆ; ಗೂಟ ಹೊಡೆದವನು, ಹಗ್ಗ ಬಿಗಿದವನು, ರೀಲು ಸುತ್ತಿದವನು. ನೀನು ಹೇಳುವ ಕಾರಿನ ಟಾಕೀಸನ್ನು ಮಾತ್ರ ಕಿವಿಯಿಂದ ಬಲ್ಲೆನೇ ಹೊರತು ಕಣ್ಣಿಂದಲ್ಲ. ಅದನ್ನು ಮೊದಲು ಯಾರು, ಯಾವ ಕಾರಣಕ್ಕೆ, ಹೇಗೆ ಕಟ್ಟಿದರೆಂಬುದನ್ನು ಹೇಳು. ಕಟ್ಟಿದ ಬಗೆ ತಿಳಿದ ಮೇಲೆ ಅದು ನಮ್ಮ ನೆಲಕ್ಕೆ ಒಗ್ಗುವುದೆ ಇಲ್ಲವೆ ಎಂದು ವಿಚಾರಿಸೋಣ.

ಅಳಿಯ: ಅಮೆರಿಕೆಯ ನ್ಯೂ ಜೆರ್ಸಿ ಪ್ರಾಂತದ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬವನು ಇದರ ಕಲ್ಪಕ. ತನ್ನ ಮನೆಯ ಮುಂದಿನ ಹಾದಿಯಲ್ಲಿ ಕಾರಿನ ಮೂತಿಯ ಮೇಲೆ ಸಣ್ಣ ಪ್ರೊಜೆಕ್ಟರೊಂದನ್ನಿಟ್ಟು, ಎರಡು ಮರಗಳಿಗೆ ಬಿಳಿಯ ಬಟ್ಟೆಯನ್ನು ಬಿಗಿದು, ಅದರ ಹಿಂದೆ ರೇಡಿಯೋ ಇರಿಸಿ, ಮಳೆ ಬಂದರೆ ಗಾಜಿನ ಮೂಲಕ ಚಿತ್ರ ಕಾಣುವುದೋ ಇಲ್ಲವೋ ಎಂಬುದನ್ನರಿಯಲು ಹುಲ್ಲುಹಾಸಿಗೆ ನೀರು ಚಿಮುಕಿಸುವ ಯಂತ್ರವನ್ನು ಕಾರಿನ ಮೇಲೆಯೇ ತಿರುಗಿಸಿ ಅವನು ಪರೀಕ್ಷಿಸಿದನಂತೆ. ಒಂದರ ಹಿಂದೊಂದು ಕಾರು ನಿಂತಾಗ ಮುಂದಿನದು ಹಿಂದಿನದಕ್ಕೆ ಅಡ್ಡವಾಗದಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ, ಮುಂಗಾಲಿಗಳ ಕೆಳಗೆ ಮರದ ದಿಮ್ಮಿಗಳನ್ನು ಇಟ್ಟು, ಎಷ್ಟು ಎತ್ತಿದರೆ ಎಷ್ಟು ಕಾಣುವುದೆಂದು ಅಳೆದು ಉತ್ತರ ಕಂಡುಕೊಂಡನು. 1933ರ ಮೇ ತಿಂಗಳಿನಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಜೂನ್ 6ರಂದು ಕ್ಯಾಮ್ಡನ್ ಪಟ್ಟಣದ ಬಳಿ ಸುಮಾರು 400 ಕಾರುಗಳು ನಿಲ್ಲತಕ್ಕ ಮೊದಲ ಚಿತ್ರಮಂದಿರ ತೆರೆಯಿತು. ಕಾರಿಗೆ 25 ಸೆಂಟು, ಒಳಗೆ ಕುಳಿತ ತಲೆಯೊಂದಕ್ಕೆ 25 ಸೆಂಟು ಪ್ರವೇಶದರ.

ಮಾವ: ನೀರು ಚಿಮುಕಿಸಿ ನೋಡಿದನೆಂದೆಯಲ್ಲ, ಆ ಮಾತೊಂದೇ ಸಾಕು, ಅವನು ಕೆಲಸ ಬಲ್ಲವನೆಂದು ನಂಬಲು. ನೆಲದ ರಚನೆ ಹೇಗೆ?

ಅಳಿಯ: ಪರದೆಯ ಮುಂದೆ ಬೀಸಣಿಗೆಯಾಕಾರದಲ್ಲಿ ಹರಡಿದ ಬಯಲು. ಅದರಲ್ಲಿ ಪರದೆಯನ್ನು ಕೇಂದ್ರವಾಗಿಟ್ಟುಕೊಂಡು ಬಿಲ್ಲಿನಂತೆ ಬಾಗಿದ ದಿಬ್ಬಗಳ ಸಾಲು ಸಾಲು. ನಮ್ಮ ಗುಡ್ಡದ ಮಗ್ಗುಲಿನ ಮೆಟ್ಟಿಲುಗದ್ದೆಗಳನ್ನು ನೆನೆಸಿಕೊಂಡರೆ ಅದರ ರೂಪ ನಿಮ್ಮ ಕಣ್ಣಿಗೆ ಕಟ್ಟುತ್ತದೆ: ಒಂದೊಂದು ಅಂಚಿನ ಮೇಲೆ ಒಂದೊಂದು ಸಾಲಿನ ಕಾರುಗಳು ಮುಂಗಾಲಿಗಳನ್ನೂರಿ ಮೂತಿಯೆತ್ತಿ ನಿಲ್ಲುತ್ತವೆ; ಎರಡು ಅಂಚುಗಳ ನಡುವಣ ತಗ್ಗು ಕಾರುಗಳ ಓಡಾಟದ ಹಾದಿ. ಪ್ರೊಜೆಕ್ಟರಿನ ಕೋಣೆ ಬಯಲಿನ ನಡುವೆ ತಗ್ಗಾಗಿರುತ್ತದೆ. ಅಲ್ಲಿಂದ ಹೊರಟ ಕಿರಣ ಮುಂದಿನ ಕಾರುಗಳ ನೆತ್ತಿಯ ಮೇಲೆ ಹಾದು ಪರದೆಯನ್ನು ಸೇರುತ್ತದೆ.

ಮಾವ: ಹಾಗಾದರೆ ದೀಪದ ಸಮಸ್ಯೆ ಘೋರವಾದುದು. ನಮ್ಮ ಡೇರೆಯಲ್ಲಿ ಪರದೆ ಚಿಕ್ಕದು, ಸುತ್ತಲೂ ಬಟ್ಟೆಯ ಮರೆ. ಪರದೆಯ ಅಗಲ ಇಮ್ಮಡಿಯಾದರೆ, ಎತ್ತರವೂ ಅದೇ ಪ್ರಮಾಣದಲ್ಲಿ ಬೆಳೆಯುವುದರಿಂದ, ಬೆಳಕು ಹರಡಬೇಕಾದ ಕ್ಷೇತ್ರ ನಾಲ್ಮಡಿಯಾಗುತ್ತದೆ. ಅದೇ ದೀಪದ ಬೆಳಕು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಆ ದೀಪವನ್ನು ನಾನು ಹತ್ತಿರದಿಂದ ಬಲ್ಲೆ. ತಾಮ್ರದ ಲೇಪವುಳ್ಳ ಎರಡು ಕಾರ್ಬನ್ ಕಡ್ಡಿಗಳನ್ನು ತುದಿಗೆ ತುದಿ ಮುಟ್ಟಿಸಿ, ವಿದ್ಯುತ್ತು ಹರಿಯತೊಡಗಿದ ಕೂಡಲೆ ಕೂದಲೆಳೆಯಷ್ಟು ಹಿಂದಕ್ಕೆಳೆದು, ನಡುವಿನ ಆ ಅಲ್ಪಾವಕಾಶದಲ್ಲಿ ಹುಟ್ಟುವ ಧವಳ ಜ್ವಾಲೆಯನ್ನು ಹಿಂದಿರುವ ನಿಮ್ನ ದರ್ಪಣದಿಂದ ಫಿಲ್ಮಿನ ಮೇಲೆ ಕೇಂದ್ರೀಕರಿಸಬೇಕು. ಕಡ್ಡಿಗಳು ಉರಿದುರಿದು ಸವೆಯುವುದರಿಂದ ನಡುವಿನ ಅಂತರ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಆಪರೇಟರು ಕಪ್ಪು ಗಾಜಿನ ಕಿಂಡಿಯಲ್ಲಿ ನೋಡುತ್ತ ತಿರುಪನ್ನು ತಿರುವಿ ಅವನ್ನು ಸಮೀಪಕ್ಕೆ ತರುತ್ತಲೇ ಇರಬೇಕು. ಒಂದು ನಿಮಿಷ ಅವನ ಗಮನ ಬೇರೆಡೆಗೆ ಹೋಯಿತೆಂದರೆ ಪರದೆಯ ಮೇಲೆ ರಾಜಕುಮಾರರ ಮುಖ ಕೆಂಪಾಗಿ, ಆಮೇಲೆ ಮಸುಕಾಗಿ, ನೆಲದ ಟಿಕೆಟ್ಟಿನವರಿಂದ ಸಿಳ್ಳು ಏಳುತ್ತಿತ್ತು.

ಅಳಿಯ: ಡ್ರೈವ್-ಇನ್‌ಗಳಲ್ಲಿಯೂ ದೀರ್ಘಕಾಲ ಅದೇ ಕಾರ್ಬನ್ ದೀಪವೇ ಇದ್ದು, ತರುವಾಯ ಝೆನಾನ್ ದೀಪ ಬಂದಿತು. ಆದರೆ ಬೆಳಕಿಗಿಂತಲೂ ಅವರನ್ನು ಹೆಚ್ಚು ಕಾಡಿದುದು ಶಬ್ದ. ಮೊದಲ ಚಿತ್ರಮಂದಿರದಲ್ಲಿ ಪರದೆಯ ಬಳಿ ಮಹಾಧ್ವನಿವರ್ಧಕಗಳನ್ನು ಇರಿಸಿದ್ದರು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುವುದರಿಂದ, ನೂರು ಮೀಟರು ಹಿಂದೆ ನಿಂತ ಕಾರಿಗೆ ಮಾತು ತಲಪುವಾಗ ಸೆಕೆಂಡಿನ ಮೂರು ದಶಾಂಶದಷ್ಟು ಕಾಲ ಸಂದಿರುತ್ತದೆ. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಫಿಲ್ಮಿನಲ್ಲಿ ಅದು ಏಳು ಚಿತ್ರಗಳ ಅಂತರ. ತುಟಿ ಮೊದಲು, ನುಡಿ ಆಮೇಲೆ. ಹಿಂದಿನ ಸಾಲಿನವರು ಅದನ್ನು ಸಹಿಸಿಕೊಂಡು ಕೂರಬೇಕಾಗಿತ್ತು. ಸುತ್ತಲಿನ ಮನೆಗಳವರಿಗೂ ನಿದ್ರಾಭಂಗ. ಎರಡನೆಯ ಮಹಾಯುದ್ಧದ ತರುವಾಯ ಪ್ರತಿ ಕಾರಿನ ಪಕ್ಕದಲ್ಲಿಯೂ ಕಂಬ ನೆಟ್ಟು, ಕಿಟಕಿಗೆ ಸಿಕ್ಕಿಸಿಕೊಳ್ಳತಕ್ಕ ಸಣ್ಣ ಸ್ಪೀಕರನ್ನು ತಂತಿಯಿಂದ ಜೋಡಿಸಿದರು; ಮುಂದೆ ಆ ತಂತಿಯೂ ಹೋಗಿ, ಕಾರಿನ ರೇಡಿಯೋದಲ್ಲಿಯೇ ಕೇಳುವ ಏರ್ಪಾಡಾಯಿತು.

ಮಾವ: ಏಳು ಚಿತ್ರಗಳೆಂದೆಯಾ? ಈ ಲೆಕ್ಕ ನನಗೆ ಬಹಳ ಹಿಡಿಸಿತು. ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ಶಬ್ದರೇಖೆಯು ತನಗೆ ಸೇರಿದ ಚಿತ್ರದ ಪಕ್ಕದಲ್ಲಿಯೇ ಇರುವುದಿಲ್ಲ; ಸುಮಾರು 20 ಚಿತ್ರಗಳಷ್ಟು ಮುಂದಿರುತ್ತದೆ. ಯಾಕೆಂದರೆ ಗೇಟಿನಲ್ಲಿ ಫಿಲ್ಮು ಒಂದೊಂದು ಚಿತ್ರಕ್ಕೂ ನಿಂತು ನಿಂತು ಸಾಗಬೇಕು, ಶಬ್ದವನ್ನು ಓದುವ ಕಡೆ ಒಂದೇ ಸಮನೆ ಹರಿಯಬೇಕು. ಎರಡಕ್ಕೂ ನಡುವೆ ಸಡಿಲವಾದ ಒಂದು ಕುಣಿಕೆ ಬಿಡುತ್ತೇವೆ. ಆ ಕುಣಿಕೆ ಹೆಚ್ಚು ಕಡಮೆಯಾದರೆ ನಮ್ಮ ಡೇರೆಯಲ್ಲಿಯೂ ನೀನು ಹೇಳಿದ ದೋಷವೇ ಸಂಭವಿಸುತ್ತಿತ್ತು. ಅದನ್ನು ಸರಿಪಡಿಸುವುದು ಕುಣಿಕೆಯನ್ನು ಬೆರಳಿನಿಂದ ಅಳೆದು ಹಾಕಬಲ್ಲವನ ಕೈಯಲ್ಲಿತ್ತು. ಬಯಲಿನಲ್ಲಾದರೆ ಗಾಳಿಯನ್ನು ಅಳೆದು ಹಾಕುವವರು ಯಾರು? ಕಾರಿಗೊಂದು ಸ್ಪೀಕರು ಕೊಟ್ಟುದು ಸರಿಯಾದ ಪರಿಹಾರವೇ. ಆದರೆ ಅದೇ ಪರಿಹಾರದಿಂದ ಇನ್ನೊಂದು ನಷ್ಟವೂ ಆಗಿರಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಅಳಿಯ: ಈಗಲೇ ಹೇಳಬಹುದಲ್ಲ?

ಮಾವ: ಮೊದಲು ಡೇರೆಯನ್ನು ಕೇಳು. ನಮ್ಮ ಮಲೆನಾಡಿನಲ್ಲಿ ಡೇರೆ ಎಲ್ಲಿ ಯಾವಾಗ ನಿಲ್ಲಬೇಕೆಂಬುದನ್ನು ಮಳೆ ನಿರ್ಣಯಿಸುತ್ತಿತ್ತು. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಮೂಡಣಕ್ಕೆ ಬಂದಂತೆ ಶೃಂಗೇರಿಗಿಂತ ಕೊಪ್ಪದಲ್ಲಿ, ಕೊಪ್ಪಕ್ಕಿಂತ ನರಸಿಂಹರಾಜಪುರದಲ್ಲಿ ಕಡಮೆ. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲೆಂದೂ ಹರಕೆ ಹೊರುತ್ತಾರೆ, ಬಂದ ಮಳೆ ನಿಲ್ಲಲೆಂದೂ ಹರಕೆ ಹೊರುತ್ತಾರೆಂದ ಮೇಲೆ ಈ ಸೀಮೆಯ ಜನಜೀವನದಲ್ಲಿ ಮಳೆಯ ಸ್ಥಾನವೇನೆಂಬುದನ್ನು ನಿನಗೆ ವಿವರಿಸಬೇಕಾಗಿಲ್ಲ. ದೀಪಾವಳಿ ಕಳೆಯುವವರೆಗೆ ನಾವು ಗೂಟ ಹೊಡೆಯುತ್ತಿರಲಿಲ್ಲ. ಘಟ್ಟದ ಕೆಳಗಿನಿಂದ ಸಾಲಿಗ್ರಾಮ, ಪೆರ್ಡೂರು ಮೊದಲಾದ ಯಕ್ಷಗಾನದ ಡೇರೆ ಮೇಳಗಳು ಮೇಲೆ ಬರುತ್ತಿದ್ದುದೂ ಮಳೆ ಕಳೆದ ಆ ತಿಂಗಳುಗಳಲ್ಲಿಯೇ. ಮುಂಗಾರಿನ ಮುಂಚಿನ ಮಳೆ ನಾಲ್ಕು ಸಲ ಗುಡುಗಿತೆಂದರೆ ಅವರೂ ಕಟ್ಟಿದರು, ನಾವೂ ಕಟ್ಟಿದೆವು.

ಅಳಿಯ: ಹಾಗಾದರೆ ದೀಪಾವಳಿಯಿಂದ ಮೇ ತಿಂಗಳಿನವರೆಗೆ ಪೂರ್ತಿ ಆರು ತಿಂಗಳು ಆದಾಯವಿತ್ತೆ?

ಮಾವ: ಎಲ್ಲಿಯದು! ಮೊದಲೆರಡು ತಿಂಗಳು ಅಡಕೆ ಸುಲಿಯುವ ಕಾಲ. ಹಗಲೆಲ್ಲ ಕೊನೆ ಇಳಿಸಿ, ರಾತ್ರಿ ಊಟವಾದ ಮೇಲೆ ಮನೆಯವರು, ನೆರೆಯವರು, ಕೆಲಸದ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಆ ಹೊತ್ತಿನಲ್ಲಿ ಸಿನಿಮಾಕ್ಕೆ ಯಾರು ಬರಬೇಕು? ಅದನ್ನರಿತ ಮಾಲೀಕರು ಆ ತಿಂಗಳುಗಳಲ್ಲಿ ತರೀಕೆರೆಯ ಕಡೆಯ ಬಯಲುಸೀಮೆಯಲ್ಲಿದ್ದು, ಸಂಕ್ರಾಂತಿಯ ಹೊತ್ತಿಗೆ, ಅಡಕೆ ಮಂಡಿಗೆ ಹೋಗಿ ಕೈಯಲ್ಲಿ ನಾಲ್ಕು ಕಾಸು ಆಡುವಾಗ, ಇತ್ತ ಬರುತ್ತಿದ್ದರು. ಭತ್ತ ಕೊಯ್ದು ಖಾಲಿಯಾದ ಗದ್ದೆ ನಮ್ಮ ಜಾಗ. ಪರದೆಯ ಕಡೆ ತಗ್ಗು, ಹಿಂದೆ ಎತ್ತರ ಇರುವಂತೆ ನೋಡಿ ಡೇರೆ ಎತ್ತುತ್ತಿದ್ದೆವು. ಮುಂದೆ ಕೂರುವವರಿಗೆ ಹೊಳೆಯ ಮರಳು ತಂದು ಹರಡುತ್ತಿದ್ದೆವು. 1964ರಲ್ಲಿ ಬಂದ ಸಿನಿಮಾ ನಿಯಂತ್ರಣದ ಕಾನೂನಿನಂತೆ ಜಿಲ್ಲಾಧಿಕಾರಿಯ ಲೈಸೆನ್ಸು ಬೇಕು, ಆಪರೇಟರಿಗೂ ಬೇರೆ ಲೈಸೆನ್ಸು ಬೇಕು. ಯಂತ್ರವಿದ್ದ ತಗಡಿನ ಕೋಣೆ ಡೇರೆಯಿಂದ ಹೊರಗೆ, ಬೆಂಕಿಯ ಭಯ. ಹಳೆಯ ನೈಟ್ರೇಟ್ ಫಿಲ್ಮಿನ ಕಾಲ ನನ್ನ ವೇಳೆಗೆ ಮುಗಿದಿದ್ದರೂ ಫಿಲ್ಮು ಗೇಟಿನಲ್ಲಿ ಸಿಕ್ಕಿಕೊಂಡರೆ ಕರಗುತ್ತಿತ್ತು. ಪರದೆಯ ಮೇಲೆ ನಾಯಕಿಯ ಕೆನ್ನೆಯಿಂದ ಕಂದು ಗುಳ್ಳೆಯೊಂದು ಎದ್ದು ಹರಡುವುದನ್ನು ಜನ ಬೆರಗಾಗಿ ನೋಡುತ್ತಿದ್ದರು. ಎಣ್ಣೆ ಇಂಜಿನ್ನು ಇನ್ನೂ ದೂರದಲ್ಲಿ, ಅದರ ಸದ್ದು ಒಳಗೆ ಬರಬಾರದೆಂದು. ಒಂದೇ ಪ್ರೊಜೆಕ್ಟರಾದ್ದರಿಂದ ಪ್ರತಿ ರೀಲಿಗೂ ನಿಲ್ಲಿಸಬೇಕು. ದೀಪ ಹಾಕಿದ ಆ ಎರಡು ಮೂರು ನಿಮಿಷ ಕಡಲೆಕಾಯಿ ಮಾರುವ ಹುಡುಗರ ಪಾಲಿಗೆ.

ಅಳಿಯ: ಜನ ಬರುತ್ತಿದ್ದುದು ಹೇಗೆ?

ಮಾವ: ಹತ್ತಿರದವರು ಸೂಡಿ ಹಿಡಿದು ನಡೆದು, ದೂರದವರು ಕಮಾನುಗಾಡಿ ಕಟ್ಟಿಸಿಕೊಂಡು. ಗದ್ದೆಯ ಆಚೆ ಗಾಡಿಗಳು ಸಾಲಾಗಿ ನಿಂತು, ಎತ್ತುಗಳನ್ನು ಬಿಚ್ಚಿ ಹುಲ್ಲು ಹಾಕುತ್ತಿದ್ದರು. ಘಂಟಸಾಲರ ಕಂಠದ ವೆಂಕಟೇಶ ಸ್ತುತಿಯ ರೆಕಾರ್ಡನ್ನು ಹಾಕಿದೆವೆಂದರೆ ಆಟ ಆರಂಭವಾಗುವ ಸೂಚನೆ. ಅದು ಕೇಳಿಸಿದ ಕೂಡಲೆ ಇನ್ನೂ ದಾರಿಯಲ್ಲಿದ್ದ ಗಾಡಿಗಳ ಗಂಟೆಯ ಸದ್ದು ಚುರುಕಾಗುತ್ತಿತ್ತು. ಆದುದರಿಂದಲೇ ಹೇಳಿದ್ದು: ವಾಹನದಲ್ಲಿ ಬಂದು ಬಯಲಿನಲ್ಲಿ ಚಿತ್ರ ನೋಡುವುದು ನಮ್ಮವರಿಗೆ ಹೊಸತಲ್ಲ. ಬಂದವರು ಗಾಡಿಯಿಂದ ಇಳಿಯುತ್ತಿದ್ದರು, ಅದೊಂದೇ ವ್ಯತ್ಯಾಸ.

ಅಳಿಯ: ಆ ವ್ಯತ್ಯಾಸ ಅಷ್ಟು ಮುಖ್ಯವೆ?

ಮಾವ: ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯ. ನಮ್ಮ ಸೀಮೆಯ ವಾಸದ ರೀತಿಯನ್ನು ನೋಡು. ಬಯಲುಸೀಮೆಯವರಂತೆ ನಾವು ಒಂದು ಕೇರಿಯಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಂಡವರಲ್ಲ. ತೋಟಕ್ಕೊಂದು ಮನೆ, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಮಳೆಗಾಲದ ನಾಲ್ಕು ತಿಂಗಳು ಸಂಕ ದಾಟಲಾಗದೆ, ಮನೆಯವರ ಮುಖವನ್ನೇ ಮನೆಯವರು ನೋಡಿಕೊಂಡು ಕಳೆದ ಹೆಂಗಸರು ಎಷ್ಟೋ ಮಂದಿ. ಅಂಥವರಿಗೆ ಡೇರೆ ಎಂದರೆ ಪರದೆಯ ಮೇಲಿನ ಕಥೆ ಮಾತ್ರವಲ್ಲ. ತವರಿನ ಕಡೆಯವರು ಸಿಕ್ಕಾರು, ಯಾರ ಮನೆಯಲ್ಲಿ ಬಾಣಂತಿ, ಯಾರ ಮಗಳಿಗೆ ನಂಟಸ್ತಿಕೆ ಎಂಬ ಸುದ್ದಿ ಕಿವಿಗೆ ಬಿದ್ದೀತು. 'ಸತ್ಯ ಹರಿಶ್ಚಂದ್ರ' ಚಿತ್ರವನ್ನು ನಾವು ಆಡಿಸಿದಾಗ, ಸ್ಮಶಾನದ ಭಾಗ ಬಂದ ಹೊತ್ತಿಗೆ ಹೆಂಗಸರ ಪಾಲಿನ ಕಡೆಯಿಂದ ಮೊದಲು ಒಂದು ಬಿಕ್ಕು, ಆಮೇಲೆ ಹತ್ತು, ಆಮೇಲೆ ಡೇರೆಯೇ ಬಿಕ್ಕುವಂತೆ ಕೇಳಿಸಿತು. ತಗಡಿನ ಕೋಣೆಯ ಕಿಂಡಿಯಿಂದ ನೋಡುತ್ತಿದ್ದ ನನಗೆ, ಅಳುವಿನಲ್ಲಿಯೂ ಜನಕ್ಕೆ ಜೊತೆ ಬೇಕೆಂಬುದು ಆಗ ಮನದಟ್ಟಾಯಿತು. ಕಾರಿಗೊಂದು ಸ್ಪೀಕರು ಕೊಟ್ಟಾಗ ಆದ ನಷ್ಟವೆಂದೆನಲ್ಲ, ಅದು ಇದೇ: ಚಿತ್ರದ ಮಾತು ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು, ಒಬ್ಬರ ನಗು ಅಳು ಇನ್ನೊಬ್ಬರಿಗೆ ಕೇಳಿಸದಂತಾಯಿತು.

ಅಳಿಯ: ತಾವು ಹೇಳುವುದರಲ್ಲಿ ಸತ್ಯವಿದೆ. ಆದರೂ ಒಂದು ಮಾತು. ಡೇರೆಯಲ್ಲಿಯೂ ನೆಲ, ಬೆಂಚು, ಕುರ್ಚಿ ಎಂಬ ತಾರತಮ್ಯವಿತ್ತು. ಹೆಂಗಸರಿಗೂ ಗಂಡಸರಿಗೂ ನಡುವೆ ತಟ್ಟಿ ಇತ್ತು. ಹತ್ತು ಜನರ ಕಣ್ಣಿಗೆ ಬೀಳಬಾರದೆಂದು ಮನೆಯಲ್ಲಿಯೇ ಉಳಿದ ಸೊಸೆಯಂದಿರಿದ್ದರು. ಅಜ್ಜಿಯನ್ನೇ ನೋಡಿ: ಮಂಡಿನೋವಿನಿಂದ ನೆಲದ ಮೇಲೆ ಕೂರಲಾರರು, ಚಿತ್ರಮಂದಿರದ ಮೆಟ್ಟಿಲು ಹತ್ತಲಾರರು, ಕಾರಿನಲ್ಲಾದರೆ ಕಾಲು ಚಾಚಿ, ಕಂಬಳಿ ಹೊದ್ದು, ಬೇಕಾದಾಗ ಎಲೆಯಡಕೆ ಹಾಕಿಕೊಂಡು ನೋಡಿಯಾರು. ಕೂಸು ಅತ್ತರೆ ತಾಯಿ ಹೊರಗೆದ್ದು ಹೋಗಬೇಕಾಗಿಲ್ಲ. ಹಾಲಿಂಗ್ಸ್‌ಹೆಡ್ ಕೂಡ ತನ್ನ ಜಾಹೀರಾತಿನಲ್ಲಿ ಮಕ್ಕಳ ಗಲಾಟೆಯನ್ನು ಲೆಕ್ಕಿಸದೆ ಇಡೀ ಸಂಸಾರ ಬರಬಹುದೆಂದೇ ಆಹ್ವಾನಿಸಿದ್ದನು. 1950ರ ದಶಕದ ಕೊನೆಗೆ ಅಮೆರಿಕೆಯಲ್ಲಿ ಇಂಥವು ಸುಮಾರು 4000 ಆದುದು ಎಳೆಯ ಮಕ್ಕಳ ಸಂಸಾರಗಳ ಒತ್ತಾಸೆಯಿಂದ.

ಮಾವ: ಅಜ್ಜಿಯ ಮಾತನ್ನು ನಾನು ಒಪ್ಪುತ್ತೇನೆ, ಅದು ಗಟ್ಟಿಯಾದ ವಾದ. ಆ 4000ದಲ್ಲಿ ಈಗ ಎಷ್ಟು ಉಳಿದಿವೆ?

ಅಳಿಯ: ಸುಮಾರು 300. ಪಟ್ಟಣಗಳು ಬೆಳೆದು, ಹತ್ತು ಹದಿನೈದು ಎಕರೆ ಬಯಲನ್ನು ರಾತ್ರಿಯ ಎರಡು ಆಟಕ್ಕಾಗಿ ಖಾಲಿ ಬಿಡುವುದು ನಷ್ಟವೆನಿಸಿತು. 1967ರಿಂದ ಅಲ್ಲಿ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ದೇಶವ್ಯಾಪಕವಾದುದರಿಂದ ಕತ್ತಲಾಗುವುದೇ ಒಂಬತ್ತರ ಸುಮಾರಿಗೆ. ಆಟ ಬಿಡುವುದು ನಡುರಾತ್ರಿಗೆ. ಕೊರೋನಾದ ಕಾಲದಲ್ಲಿ ಕೆಲವು ತಿಂಗಳು ಮತ್ತೆ ಜೀವ ಬಂದಂತಾಯಿತು, ಅಷ್ಟೆ.

ಮಾವ: ಕತ್ತಲೆಯ ವಿಷಯದಲ್ಲಿ ನಾವು ಪುಣ್ಯವಂತರು. ಇಲ್ಲಿ ಮೇ ತಿಂಗಳಿನಲ್ಲಿಯೂ ಏಳು ಗಂಟೆಗೆ ಮೊದಲೇ ಸೂರ್ಯ ಕಂತುತ್ತಾನೆ, ಮುಸ್ಸಂಜೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಮ್ಮ ದೇಶದಲ್ಲಿ ಯಾರೂ ಇದನ್ನು ಕಟ್ಟಿಲ್ಲವೆ?

ಅಳಿಯ: ಕಟ್ಟಿದ್ದಾರೆ. ಅಹಮದಾಬಾದಿನಲ್ಲಿ 1973ರಲ್ಲಿ ತೆರೆದ ಸನ್‌ಸೆಟ್ ಡ್ರೈವ್-ಇನ್ ಪ್ರಸಿದ್ಧವಾದುದು. ಆರುನೂರಕ್ಕೂ ಮಿಕ್ಕಿ ಕಾರುಗಳಿಗೆ ಅಲ್ಲಿ ಸ್ಥಳವಿದೆ. ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿಯೂ ಪ್ರಾರ್ಥನಾ ಎಂಬುದೊಂದಿತ್ತು. ಅಹಮದಾಬಾದಿನಲ್ಲಿ ಕಾರಿಲ್ಲದವರಿಗೂ ಆಸನಗಳುಂಟು. ಕಾರಿನಲ್ಲಿ ಬಂದವರೂ ಒಳಗೆ ಕೂರುವುದಿಲ್ಲ, ಮಾವ. ಚಾಪೆ, ದಿಂಬು, ಮಡಿಸುವ ಕುರ್ಚಿ, ಮನೆಯ ತಿಂಡಿಯ ಡಬ್ಬಗಳನ್ನು ತಂದು ಕಾರಿನ ಮುಂದೆ ಹರಡಿಕೊಂಡು, ನೆರೆಯ ಸಂಸಾರದೊಡನೆ ಹಂಚಿಕೊಂಡು ನೋಡುತ್ತಾರೆ.

ಮಾವ: ನೋಡಿದೆಯಾ! ಕಾರಿನಿಂದ ಇಳಿದೇ ಬಿಟ್ಟರು. ಅಮೆರಿಕೆಯ ನಕಾಶೆಯನ್ನು ಗುಜರಾತಿನ ಸಂಸಾರಗಳು ತಮ್ಮ ಸ್ವಭಾವಕ್ಕೆ ಬಗ್ಗಿಸಿಕೊಂಡವು. ನೀನು ಕಟ್ಟುವುದಾದರೆ ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟು. ಪರದೆಯ ಮುಂದಿನ ನಾಲ್ಕು ಸಾಲುಗಳಿಗೆ ಕಾರು ಬಿಡಬೇಡ; ಅಲ್ಲಿ ಮರಳು ಹಾಕಿಸು, ಚಾಪೆಯವರು ಕೂರಲಿ. ಕಾಫಿ ತೋಟದ ಲೈನಿನಿಂದ ನಡೆದು ಬಂದವನಿಗೂ, ಜೀಪಿನಲ್ಲಿ ಬಂದು ಇಳಿದವನಿಗೂ ಆ ಮರಳು ಸಲ್ಲಲಿ. ಹಿಂದಿನ ಸಾಲುಗಳಲ್ಲಿ ಅಜ್ಜಿಯಂಥವರ ಕಾರು ನಿಲ್ಲಲಿ, ಅವರಿಗೆ ರೇಡಿಯೋದಲ್ಲಿ ಕೇಳಲಿ. ಮುಂದಿನವರಿಗೆ ಸಣ್ಣ ಧ್ವನಿವರ್ಧಕ ಸಾಕು. ದೂರ ಕಡಮೆಯಾದುದರಿಂದ ನಿನ್ನ ಏಳು ಚಿತ್ರಗಳ ತೊಂದರೆಯೂ ಇಲ್ಲ.

ಅಳಿಯ: ಈ ಏರ್ಪಾಡು ನನಗೆ ಹೊಳೆದಿರಲಿಲ್ಲ. ಸ್ಥಳ ಎಲ್ಲಿಯಾದೀತು?

ಮಾವ: ಶೃಂಗೇರಿಯನ್ನು ಬಿಟ್ಟುಬಿಡು. ಯಾತ್ರಿಕರ ಕಾರುಗಳು ಅಲ್ಲಿ ಬೇಕಾದಷ್ಟು ಬರುತ್ತವೆಂಬುದು ನಿಜ; ಆದರೆ ತುಂಗೆಯ ಕಣಿವೆ ಇಕ್ಕಟ್ಟು, ಇಳಿಜಾರು ಕಡಿದು, ಮಳೆಯೂ ವಿಪರೀತ. ಶಾರದೆಯ ದರ್ಶನಕ್ಕೆ ಬಂದವರು ರಾತ್ರಿ ಸಿನಿಮಾಕ್ಕೆ ನಿಲ್ಲುವರೆಂದೂ ನನಗೆ ತೋರುವುದಿಲ್ಲ. ಕೊಪ್ಪದಲ್ಲಿ ಹತ್ತು ಎಕರೆ ಒಂದೇ ಕಡೆ ಸಿಗಬೇಕಾದರೆ ತೋಟ ಕಡಿಯಬೇಕು. ಅದನ್ನು ನಾನು ಬದುಕಿರುವವರೆಗೆ ಒಪ್ಪಲಾರೆ. ಉಳಿದುದು ನರಸಿಂಹರಾಜಪುರದ ಕಡೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂದು ಎಷ್ಟೋ ಗದ್ದೆ, ಎಷ್ಟೋ ಮನೆ ಮುಳುಗಿದವು; ತರೀಕೆರೆಯಿಂದ ಬರುತ್ತಿದ್ದ ಚಿಕ್ಕ ರೈಲೂ ಇಲ್ಲವಾಯಿತು. ಆದರೆ ಅತ್ತ ಆಕಾಶ ವಿಶಾಲ, ಮಳೆ ಮಿತ, ಹಿನ್ನೀರಿನಿಂದ ದೂರ ಸರಿದ ಎತ್ತರದಲ್ಲಿ ನಿಧಾನವಾಗಿ ಇಳಿಯುವ ಬಯಲುಗಳುಂಟು. ಬಾಳೆಹೊನ್ನೂರಿನವರಿಗೂ ಕೊಪ್ಪದವರಿಗೂ ಬರಲು ರಸ್ತೆಯಿದೆ. ಇಳಿಜಾರು ತಾನಾಗಿಯೇ ಇದ್ದರೆ ದಿಬ್ಬ ಕಟ್ಟುವ ಮಣ್ಣಿನ ಖರ್ಚು ಅರ್ಧಕ್ಕಿಳಿಯುತ್ತದೆ.

ಅಳಿಯ: ಇಬ್ಬನಿಯ ತೊಂದರೆ?

ಮಾವ: ಒಳ್ಳೆಯ ಪ್ರಶ್ನೆ. ನೀರು ಹತ್ತಿರವಿದ್ದಷ್ಟೂ ಪುಷ್ಯ ಮಾಸದ ರಾತ್ರಿ ಮಂಜು ಹೆಚ್ಚು. ಮಂಜಿನಲ್ಲಿ ಕಿರಣ ಚೆದರಿ, ಪರದೆಯನ್ನು ಸೇರುವ ಮೊದಲೇ ಗಾಳಿಯಲ್ಲಿ ಬಿಳಿಯ ಕೋಲಿನಂತೆ ನಿಂತುಬಿಡುತ್ತದೆ. ನಮ್ಮ ಲೆನ್ಸಿನ ಮೇಲೆ ಹನಿ ಕೂತರೆ ನಾನು ಹಳೆಯ ಪಂಚೆಯ ತುಂಡಿನಿಂದ ಮೆಲ್ಲಗೆ ಒತ್ತಿ ತೆಗೆಯುತ್ತಿದ್ದೆ. ಉಜ್ಜಿದರೆ ಗೀರು ಬೀಳುತ್ತದೆ. ಕಾರಿನ ಗಾಜಿನ ಹೊರಗೆ ಇಬ್ಬನಿ, ಒಳಗೆ ಉಸಿರಿನ ಆವಿ, ಎರಡೂ ಸೇರಿ ಹತ್ತು ಗಂಟೆಯ ಮೇಲೆ ಏನೂ ಕಾಣದಾದೀತು. ಆದಕಾರಣ ಮೊದಲ ವರ್ಷ ಶಿವರಾತ್ರಿಯಿಂದ ಆರಂಭಿಸಿ, ಏಪ್ರಿಲಿನ ಗುಡುಗು ಮಳೆ ಕೇಳಿಸುವವರೆಗೆ ಮಾತ್ರ ನಡೆಸು. ದಿನಕ್ಕೊಂದೇ ಆಟ, ಏಳೂಕಾಲಕ್ಕೆ ಆರಂಭಿಸಿದರೆ ಹತ್ತಕ್ಕೆ ಮುಗಿದು, ಬಂದವರು ಕಾಡುಹಾದಿಯಲ್ಲಿ ಅಪವೇಳೆಯಾಗದಂತೆ ಮನೆ ಸೇರಬಹುದು.

ಅಳಿಯ: ದರ?

ಮಾವ: ಹಾಲಿಂಗ್ಸ್‌ಹೆಡ್ಡನ ಕ್ರಮವನ್ನೇ ಇಟ್ಟುಕೊ, ಅದು ನ್ಯಾಯವಾದುದು: ವಾಹನಕ್ಕೊಂದು, ತಲೆಗೊಂದು. ನಡೆದು ಬಂದವನು ತಲೆಯದನ್ನಷ್ಟೆ ಕೊಡಲಿ. ಬಗಲ ಕೂಸಿಗೆ ಬೇಡ. ಇನ್ನು ಸ್ಥಳ ನೋಡಲು ಹೋಗುವಾಗ ಮಟ್ಟಗೋಲು ಹಿಡಿದು ಬೆಳಿಗ್ಗೆ ಹೋಗಬೇಡ, ಸಂಜೆ ಐದೂವರೆಗೆ ಹೋಗಿ ನಿಲ್ಲು. ಪರದೆಯ ಮುಖ ಪಡುವಣಕ್ಕಿದ್ದರೆ ಕಂತುವ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದು, ಕತ್ತಲಾಗುವುದನ್ನು ಇನ್ನೂ ಅರ್ಧ ಗಂಟೆ ಕಾಯಬೇಕಾದೀತು. ಪಡುವಣದಲ್ಲಿ ಗುಡ್ಡ ಅಡ್ಡವಿರುವ ಜಾಗ ಸಿಕ್ಕರೆ ಬೇರೆ ವಿಚಾರ ಬೇಡ, ಅದನ್ನೇ ಹಿಡಿ. ಜೀಪಿನಲ್ಲಿ ಇನ್ನೊಬ್ಬರಿಗೆ ಸ್ಥಳವಿದ್ದರೆ ನಾನೂ ಬರುತ್ತೇನೆ.